25 ಜನ, 15 ನಿಮಿಷ: ಸ್ಕ್ರೊವೇನ್ಯಿ ಚಾಪೆಲ್‌ನ ಗೋಡೆಗಳಿಗೆ ಆದದ್ದೇನು?

ಇಟಲಿಯ ಪಡುವಾ ನಗರದಲ್ಲಿರುವ, ಒಳಗೋಡೆಗಳ ತುಂಬ ಜಿಯೊಟ್ಟೊ ಬಿಡಿಸಿದ ಭಿತ್ತಿಚಿತ್ರಗಳಿರುವ ಸ್ಕ್ರೊವೇನ್ಯಿ ಚಾಪೆಲ್ ನೋಡಲು ಹೋದವರು ಮೊದಲು ಗಾಜಿನ ಕೋಣೆಯೊಂದರಲ್ಲಿ 15 ನಿಮಿಷ ಕೂರಬೇಕು. ಒಂದು ಸಲಕ್ಕೆ ಹೆಚ್ಚೆಂದರೆ 25 ಜನ. ಅವರು ಕೂತಿರುವಷ್ಟು ಹೊತ್ತು ಯಂತ್ರಗಳು ಅಲ್ಲಿನ ಗಾಳಿಯನ್ನು ಸೋಸಿ ದೂಳನ್ನೂ ತೇವವನ್ನೂ ಹದಕ್ಕೆ ತರುತ್ತವೆ. ಹೊರಬಾಗಿಲು ಮುಚ್ಚಿದ ಮೇಲಷ್ಟೇ ಒಳಬಾಗಿಲು ತೆರೆಯುತ್ತದೆ. ಒಳಗೆ ಇರಲು ಸಿಗುವುದೂ ಸುಮಾರು ಅಷ್ಟೇ ಹೊತ್ತು. ದೂರದಿಂದ ಬಂದವರಿಗೆ ಇದು ಕಿರಿಕಿರಿ ಎನಿಸುವುದು ಸಹಜ. ಆದರೆ ಈ ಪುಟ್ಟ ಪ್ರಾರ್ಥನಾಲಯಕ್ಕೆ ಆಗಿರುವ ಹಾನಿಯನ್ನು ಬೆನ್ನುಹತ್ತಿ ಹೋದರೆ ಬಹುಪಾಲು ಗಾಳಿ ಮತ್ತು ತೇವದ ಬಾಗಿಲಿಗೇ ಬಂದು ನಿಲ್ಲುತ್ತೇವೆ. ಅವೆರಡನ್ನೂ ಒಳಗೆ ಬಿಟ್ಟುಕೊಂಡವರು ಮನುಷ್ಯರೇ.

1300ರಲ್ಲಿ ಎನ್ರಿಕೊ ಸ್ಕ್ರೊವೇನ್ಯಿ ಎಂಬ ಶ್ರೀಮಂತ ಇಲ್ಲಿ ಜಾಗ ಕೊಂಡ. ಹಿಂದೆ ರೋಮನ್ನರ ಬಯಲು ರಂಗಮಂದಿರ ಇದ್ದ ಜಾಗವದು. ಅಲ್ಲಿ ಅರಮನೆ ಕಟ್ಟಿಸಿ, ಅದಕ್ಕೆ ಅಂಟಿಕೊಂಡಂತೆ ಮನೆತನದ ಚಾಪೆಲ್ ಕಟ್ಟಿಸಿದ. ಅವನ ತಂದೆ ಬಡ್ಡಿ ವ್ಯವಹಾರಕ್ಕೆ ಹೆಸರಾಗಿದ್ದವನು. ತಂದೆಯ ಪಾಪ ತೊಳೆಯಲೆಂದೇ ಮಗ ಇದನ್ನು ಕಟ್ಟಿಸಿದ ಎಂಬ ಮಾತು ಬಹಳ ಹಿಂದಿನಿಂದ ಬಂದಿದೆ. ಅದಿರಬಹುದು, ಆದರೆ ಆಡಂಬರದ ಆಸೆಯೂ ಸಣ್ಣದಿರಲಿಲ್ಲ. 1305ರ ಜನವರಿಯಲ್ಲಿ ನೆರೆಯ ಎರೆಮಿತಾನಿ ಮಠದ ಸಂನ್ಯಾಸಿಗಳು ದೂರು ಕೊಟ್ಟರು: ಅನುಮತಿ ಇದ್ದದ್ದು ಮನೆಯವರ ಸಣ್ಣ ಪ್ರಾರ್ಥನಾಲಯಕ್ಕೆ, ಇವನು ಗಂಟೆಗೋಪುರ ಸಮೇತ ದೊಡ್ಡ ಇಗರ್ಜಿಯನ್ನೇ ಎಬ್ಬಿಸುತ್ತಿದ್ದಾನೆ ಎಂದು. ಅದೇ ವರ್ಷ ಮಾರ್ಚ್ 25ರಂದು ಚಾಪೆಲ್‌ನ ಪ್ರತಿಷ್ಠಾಪನೆ ನಡೆಯಿತು. ಒಳಗಿನ ‘ಅಂತಿಮ ತೀರ್ಪು’ ಚಿತ್ರದಲ್ಲಿ ಎನ್ರಿಕೊ ಮಂಡಿಯೂರಿ ಚಾಪೆಲ್‌ನ ಮಾದರಿಯನ್ನು ಒಪ್ಪಿಸುತ್ತಿದ್ದಾನೆ. ಆ ಮಾದರಿಗೆ ಎರಡೂ ಪಕ್ಕಕ್ಕೆ ಚಾಚಿದ ಅಡ್ಡ ತೋಳುಗಳಿವೆ, ಈಗ ನಿಂತಿರುವ ಕಟ್ಟಡಕ್ಕೆ ಇಲ್ಲ. ದೂರಿನ ಬಿಸಿ ತಟ್ಟಿ ನಕ್ಷೆ ಕುಗ್ಗಿತು ಎಂಬ ಊಹೆ ಹುಟ್ಟಿದ್ದು ಹೀಗೆ.

ಕಟ್ಟಡ ಮಾತ್ರ ಅತಿ ಸರಳ. ಇಟ್ಟಿಗೆಯ ಒಂದೇ ಹಜಾರ, ಪೂರ್ವಕ್ಕೆ ಚಿಕ್ಕ ಗರ್ಭಭಾಗ. ಹಜಾರದ ಉದ್ದ 21 ಮೀಟರಿಗೆ ಸ್ವಲ್ಪ ಕಡಿಮೆ, ಅಗಲ ಸುಮಾರು 8.4, ಎತ್ತರ 12.6 ಮೀಟರ್. ಮೇಲೆ ಅರ್ಧ ಕೊಳವೆಯಾಕಾರದ ಕಮಾನು ಛಾವಣಿ. ನಡುವೆ ಕಂಬವಿಲ್ಲ, ಏಣುಗಳಿಲ್ಲ. ಉತ್ತರ ಗೋಡೆಗೆ ಅರಮನೆ ತಾಗಿದ್ದರಿಂದ ಆ ಕಡೆ ಕಿಟಕಿ ಇಡುವಂತಿರಲಿಲ್ಲ. ಪಕ್ಕದ ಗೋಡೆಗಳ ಆರು ಕಿಟಕಿಗಳೂ ದಕ್ಷಿಣದಲ್ಲೇ ಇವೆ.

ಚಿತ್ರಗಾರ ಜಿಯೊಟ್ಟೊ ಈ ತೊಡಕಿನಿಂದಲೇ ತನ್ನ ಅಳತೆಗೋಲು ಮಾಡಿಕೊಂಡ. ಎರಡು ಕಿಟಕಿಗಳ ನಡುವಿನ ಜಾಗದಲ್ಲಿ ಹಿಡಿಸುವಷ್ಟಕ್ಕೆ ಚೌಕಟ್ಟಿನ ಗಾತ್ರ ನಿಗದಿಮಾಡಿ, ಅದೇ ಅಳತೆಯನ್ನು ಎದುರಿನ ಗೋಡೆಗೂ ಒಯ್ದ. ಕಟ್ಟಡದ ಓರೆಕೋರೆ ಚಿತ್ರಗಳಲ್ಲಿ ಎಲ್ಲೂ ಎದ್ದು ಕಾಣದಿರುವುದು ಅವನ ಲೆಕ್ಕದ ಚೆಲುವು.

ಬಿಡಿಸಿದ್ದು ಹಸಿ ಗಾರೆಯ ಮೇಲೆ. ಮೊದಲು ಒರಟು ಮರಳಿನ ಸುಣ್ಣದ ಗಾರೆ ಬಳಿದು ಒಣಗಿಸಬೇಕು. ಅದರ ಮೇಲೆ ನುಣುಪು ಗಾರೆಯನ್ನು ಅಂದಂದಿನ ಕೆಲಸಕ್ಕೆ ಬೇಕಾದಷ್ಟೇ ಮೆತ್ತಿ, ಅದು ಹಸಿಯಿರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ಕಲ್ಲಾಗುವಾಗ ಬಣ್ಣವನ್ನೂ ತನ್ನೊಳಗೆ ಕಟ್ಟಿಹಾಕುತ್ತದೆ. ಕೆಲಸ ಮೇಲಿನಿಂದ ಕೆಳಕ್ಕೆ ಸಾಗಬೇಕು, ಇಲ್ಲವಾದರೆ ಮುಗಿದ ಭಾಗದ ಮೇಲೆ ಗಾರೆ ತೊಟ್ಟಿಕ್ಕುತ್ತದೆ. ಗಾರೆಯ ಅಂಚುಗಳನ್ನು ಹಿಡಿದು ಎಣಿಸಿದವರು ಇಲ್ಲಿ ಸುಮಾರು 625 ತುಂಡುಗಳನ್ನು ಗುರುತಿಸಿದ್ದಾರೆ.

ಈ ವಿಧಾನಕ್ಕೆ ಒಗ್ಗದ ಬಣ್ಣ ಒಂದಿತ್ತು: ಅಜುರೈಟ್ ಎಂಬ ತಾಮ್ರದ ಖನಿಜದಿಂದ ತೆಗೆದ ನೀಲಿ. ಹಸಿ ಸುಣ್ಣದ ಕ್ಷಾರಕ್ಕೆ ಅದು ಕೆಡುತ್ತದೆ. ಆದ್ದರಿಂದ ಗಾರೆ ಒಣಗಿದ ಮೇಲೆ ಅಂಟು ಬೆರೆಸಿ ಹಚ್ಚಬೇಕು. ಹಾಗೆ ಹಚ್ಚಿದ್ದು ಗೋಡೆಯ ಮೇಲೆ ಕೂತಿರುತ್ತದೆಯೇ ಹೊರತು ಗೋಡೆಯೊಳಗೆ ಬೆರೆಯುವುದಿಲ್ಲ. ಅಂಟು ಸತ್ತ ದಿನ ಉದುರಲು ಶುರು. ಸತ್ತ ಕ್ರಿಸ್ತನನ್ನು ಮೇರಿ ಅಪ್ಪಿಕೊಂಡಿರುವ ದೃಶ್ಯದಲ್ಲಿ ಅವಳ ಮೇಲುಡುಪಿನ ನೀಲಿ ಬಹುಪಾಲು ಹೋಗಿದೆ. ಪಕ್ಕದಲ್ಲಿರುವವರ ಉಡುಪಿನ ಬಣ್ಣಗಳು ಇನ್ನೂ ಗಟ್ಟಿಯಾಗಿವೆ. ಒಂದೇ ಚಿತ್ರದಲ್ಲಿ ಎರಡು ವಿಧಾನಗಳ ಆಯುಸ್ಸನ್ನು ಹೀಗೆ ಅಕ್ಕಪಕ್ಕ ನೋಡಬಹುದು.

ದೊಡ್ಡ ಪೆಟ್ಟು ಬಿದ್ದದ್ದು 19ನೇ ಶತಮಾನದಲ್ಲಿ. 1817ರಲ್ಲಿ ಮುಂಭಾಗದ ಮುಖಮಂಟಪ ಕುಸಿಯಿತು. 1827ರಲ್ಲಿ ಆಗಿನ ಮಾಲೀಕರು ಅರಮನೆಯನ್ನೇ ಕೆಡವಿಸಿದರು. ಮಂಟಪದ ಆಸರೆ ತಪ್ಪಿದ ಪಶ್ಚಿಮ ಗೋಡೆ ಮಳೆಗೆ ಒಡ್ಡಿಕೊಂಡಿತು. ‘ಅಂತಿಮ ತೀರ್ಪು’ ಇರುವುದು ಆ ಗೋಡೆಯ ಒಳಮೈಯಲ್ಲೇ. ಉತ್ತರದ ಗೋಡೆಯಂತೂ ಐದು ಶತಮಾನ ಇನ್ನೊಂದು ಕಟ್ಟಡದ ಮರೆಯಲ್ಲಿದ್ದದ್ದು ಒಮ್ಮೆಲೇ ಚಳಿಗಾಳಿಗೆ ಬಿತ್ತು. ಗೋಡೆ ತಣ್ಣಗಾದಾಗ ಒಳಗಿನ ಬೆಚ್ಚನೆಯ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಅರಮನೆ ಕೆಡವಿದ್ದನ್ನು ಆಸ್ತಿಯ ವ್ಯವಹಾರ ಎಂದಷ್ಟೇ ಬರೆದು ಮುಂದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಚಿತ್ರಗಳ ಮಟ್ಟಿಗೆ ಅದು ಹೊದಿಕೆ ಕಿತ್ತ ಕೆಲಸ. ನಗರಸಭೆ ಚಾಪೆಲ್ ಅನ್ನು ಕೊಂಡು ಉಳಿಸಿಕೊಂಡದ್ದು 1880ರ ಹೊತ್ತಿಗೆ.

1944ರ ಮಾರ್ಚ್ 11ರ ಬಾಂಬ್ ದಾಳಿಯಲ್ಲಿ ಪಕ್ಕದ ಎರೆಮಿತಾನಿ ಇಗರ್ಜಿ ಒಡೆದು, ಅಲ್ಲಿದ್ದ 15ನೇ ಶತಮಾನದ ಚಿತ್ರಗಾರ ಮಾಂತೆನ್ಯನ ಭಿತ್ತಿಚಿತ್ರಗಳು ಚೂರುಚೂರಾದವು. ಈ ಚಾಪೆಲ್ ಕೂದಲೆಳೆಯಲ್ಲಿ ಪಾರಾಯಿತು. ಆದರೆ ಯುದ್ಧದ ನಂತರದ ಹೊಗೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಕಲ್ಲಿದ್ದಲು, ಎಣ್ಣೆ ಉರಿದಾಗ ಹುಟ್ಟುವ ಗಂಧಕದ ಡೈ ಆಕ್ಸೈಡ್ ತೇವದ ಜೊತೆ ಸೇರಿ ಆಮ್ಲವಾಗುತ್ತದೆ. ಆಮ್ಲ ಗಾರೆಯ ಸುಣ್ಣವನ್ನು ಜಿಪ್ಸಮ್ ಆಗಿಸುತ್ತದೆ. ಜಿಪ್ಸಮ್ ಹರಳಿಗೆ ಸುಣ್ಣಕ್ಕಿಂತ ಹೆಚ್ಚು ಜಾಗ ಬೇಕು. ಉಪ್ಪು ಹತ್ತಿದ ಹಳೆಮನೆಯ ಗೋಡೆ ಹೊಪ್ಪಳೆ ಏಳುವಂತೆ, ಅದು ಒಳಗಿನಿಂದ ಬಣ್ಣದ ಪದರವನ್ನು ಎತ್ತಿ ಕೆಡಹುತ್ತದೆ. ಇಲ್ಲಿ ತೇವವಿಲ್ಲದೆ ಯಾವುದೂ ನಡೆಯದು. ಗುಂಪುಗುಂಪಾಗಿ ಬಂದವರ ಉಸಿರು, ಮಳೆಯಲ್ಲಿ ನೆನೆದ ಕೋಟುಗಳು ಆ ತೇವವನ್ನು ದಿನವೂ ಒದಗಿಸುತ್ತಿದ್ದವು. ಬಿಸಿಯಾಗುವ ದೀಪಗಳು ಗಾಳಿಯನ್ನು ಮೇಲಕ್ಕೆ ತಳ್ಳಿ, ದೂಳನ್ನು ಗೋಡೆಗೆ ತಂದು ಹಚ್ಚುತ್ತವೆ.

ಹಾಗಾಗಿ 2000ದಲ್ಲಿ ಮೊದಲು ಗಾಜಿನ ಕೋಣೆ ಶುರುವಾಯಿತು, ಚಿತ್ರಗಳ ದುರಸ್ತಿ ನಡೆದದ್ದು ಅದಾದ ಮೇಲೆ, 2001–02ರಲ್ಲಿ. ಈ ಕ್ರಮವೇ ಸರಿ. ಗಾಳಿ ಹದಕ್ಕೆ ಬರುವ ಮೊದಲೇ ಜಿಪ್ಸಮ್ ತೆಗೆದು ಬಣ್ಣ ಕೂರಿಸಿದ್ದರೆ ಹರಳು ಮತ್ತೆ ಬೆಳೆಯುತ್ತಿತ್ತು.

2021ರಲ್ಲಿ ಪಡುವಾದ 14ನೇ ಶತಮಾನದ ಭಿತ್ತಿಚಿತ್ರಗಳ ಸಮೂಹ ಯುನೆಸ್ಕೊ ಪಟ್ಟಿಗೆ ಸೇರಿತು; ಈ ಚಾಪೆಲ್ ಅದರ ಮುಖ್ಯ ಭಾಗ. ಇನ್ನೂ ಬಗೆಹರಿಯದೆ ಉಳಿದಿರುವುದು ಕೆಳಗಿನ ನೀರು. ಹಜಾರದ ಅಡಿಯಲ್ಲಿ ನೆಲಮಾಳಿಗೆಯಿದೆ. ಅಂತರ್ಜಲ ಏರಿದಾಗ ಅಲ್ಲಿಗೆ ನೀರು ನುಗ್ಗುತ್ತದೆ, ಇಟ್ಟಿಗೆ ಅದನ್ನು ಹೀರಿ ಮೇಲಕ್ಕೆ ಎಳೆಯುತ್ತದೆ. ಗಾಜಿನ ಕೋಣೆ ಬಾಗಿಲಿನಿಂದ ಬರುವ ತೇವವನ್ನು ತಡೆಯಬಲ್ಲದು, ನೆಲದಿಂದ ಏರುವುದನ್ನಲ್ಲ.