ತಲೆಯ ಮೇಲಿಟ್ಟ ಕೈಯ ಹಿಂದಿನ ಕಥೆ

ಕಥೋಲಿಕ ಬಿಷಪರು, ಅಂದರೆ ಧರ್ಮಾಧ್ಯಕ್ಷರು, ಪ್ರೇಷಿತರ (ಯೇಸು ಆರಿಸಿದ ಹನ್ನೆರಡು ಶಿಷ್ಯರ) ಉತ್ತರಾಧಿಕಾರಿಗಳು ಎನ್ನುತ್ತಾರೆ. ಅದು ಹೇಗೆ? ಯೇಸುವಿಗೆ ದ್ರೋಹ ಬಗೆದ ಯೂದನ ಜಾಗ ತೆರವಾದಾಗ ಉಳಿದ ಹನ್ನೊಂದು ಪ್ರೇಷಿತರು ಚೀಟಿ ಹಾಕಿ ಮತ್ತೀಯನನ್ನು ಸೇರಿಸಿಕೊಂಡರು. ಯೇಸುವಿನ ಜೊತೆ ಮೊದಲಿಂದಲೂ ಓಡಾಡಿದವನೇ ಆಗಬೇಕು, ಪುನರುತ್ಥಾನಕ್ಕೆ ಸಾಕ್ಷಿ ಹೇಳಬೇಕು ಎಂಬುದು ಷರತ್ತು. ಮುಂದೆ ರಾಜ ಹೆರೋದ ಪ್ರೇಷಿತ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಆ ಜಾಗಕ್ಕೆ ಮಾತ್ರ ಯಾರನ್ನಾದರೂ ಆರಿಸಿದ ಸುದ್ದಿ ಬೈಬಲಿನಲ್ಲಿಲ್ಲ. ಕಣ್ಣಾರೆ ಕಂಡದ್ದನ್ನು ಯಾರೂ ಇನ್ನೊಬ್ಬರಿಗೆ ದಾಟಿಸಲಾರರು. ಬೋಧಿಸುವ, ಸಂಸ್ಕಾರ (ಜ್ಞಾನಸ್ನಾನದಂಥ ಪವಿತ್ರ ವಿಧಿ) ನೀಡುವ, ಸಭೆ (ಚರ್ಚ್) ನಡೆಸುವ ಹೊಣೆಯನ್ನು ದಾಟಿಸಬಹುದು. ಬಿಷಪರಿಗೆ ಬಂದದ್ದು ಆ ಹೊಣೆ ಎನ್ನುತ್ತದೆ ಕಥೋಲಿಕ ಬೋಧನೆ.

ಮೊದಮೊದಲು ಎಲ್ಲವೂ ಇಷ್ಟು ನಿಚ್ಚಳವಾಗಿರಲಿಲ್ಲ. ಬಿಷಪ್ ಪದದ ಮೂಲ ಗ್ರೀಕಿನ 'ಎಪಿಸ್ಕೊಪೊಸ್', ಮೇಲ್ವಿಚಾರಕ. ಎಫೆಸ ಊರಿನ ಸಭೆಯ ಹಿರಿಯರನ್ನೇ ಮೊದಲ ತಲೆಮಾರಿನ ಬೋಧಕ ಪೌಲ ಹಾಗೆ ಕರೆಯುತ್ತಾನೆ. ಊರಿಗೊಬ್ಬನೇ ಬಿಷಪ್ ಎಂಬುದು ಎದ್ದು ಕಾಣುವುದು 2ನೇ ಶತಮಾನದ ಆರಂಭದ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಪತ್ರಗಳಲ್ಲಿ. ಸುಮಾರು 180ರಲ್ಲಿ ಲಿಯೋನಿನ ಬಿಷಪ್ ಐರೇನಿಯಸ್, ಗುಪ್ತಜ್ಞಾನ ತಮಗಷ್ಟೇ ದಕ್ಕಿದೆ ಎನ್ನುತ್ತಿದ್ದ ಪಂಗಡಗಳೆದುರು ರೋಮಿನ ಬಿಷಪರ ಪಟ್ಟಿಯನ್ನೇ ಇಟ್ಟ: ಲೀನಸ್, ಅನಾಕ್ಲೀಟಸ್, ಕ್ಲೆಮೆಂಟ್, ಹೀಗೆ. ಗುಟ್ಟು ಇದ್ದಿದ್ದರೆ ಪ್ರೇಷಿತರು ಅದನ್ನು ಸಭೆಯನ್ನೇ ವಹಿಸಿಕೊಟ್ಟವರಿಗೆ ಹೇಳದೆ ಇರುತ್ತಿದ್ದರೇ ಎಂಬುದು ಅವನ ಪಟ್ಟು. ಪಕ್ಕಾ ವಕೀಲನ ವಾದ.

ಬಿಷಪರ ದೀಕ್ಷೆಯಲ್ಲಿ ಇಂದಿಗೂ ನೆರೆದ ಬಿಷಪರು ಒಬ್ಬೊಬ್ಬರಾಗಿ ಬಂದು, ಮಾತಿಲ್ಲದೆ, ಮಂಡಿಯೂರಿದವರ ತಲೆಯ ಮೇಲೆ ಕೈಯಿಡುತ್ತಾರೆ. ಬಳಿಕ ತೆರೆದ ಶುಭಸಂದೇಶ ಗ್ರಂಥವನ್ನು ತಲೆಯ ಮೇಲೆ ಹಿಡಿಯಲಾಗುತ್ತದೆ. ಕನಿಷ್ಠ ಮೂವರು ಬಿಷಪರು ಬೇಕೆಂದದ್ದು 325ರ ನೈಸೀಯ ಸಮ್ಮೇಳನ. ಈ ಕೈಗಳ ಸರಪಣಿಯನ್ನು ದಾಖಲೆಯಲ್ಲಿ ಹಿಂದಕ್ಕೆ ಹುಡುಕುತ್ತ ಹೋದರೆ ಇಂದಿನ ಬಹುಪಾಲು ಬಿಷಪರ ಎಳೆ 1541ರಲ್ಲಿ ದೀಕ್ಷೆ ಪಡೆದ ಇಟಲಿಯ ಸಿಪಿಯೋನೆ ರೆಬಿಬಾ ಬಳಿ ನಿಲ್ಲುತ್ತದೆ. ಅವರಿಗೆ ದೀಕ್ಷೆ ಕೊಟ್ಟವರಾರೆಂಬ ದಾಖಲೆ ಸಿಕ್ಕಿಲ್ಲ! ಇದರಿಂದ ಚರ್ಚೇನೂ ತಲೆ ಕೆಡಿಸಿಕೊಂಡಿಲ್ಲ.

ಕಾರಣ ಜಗತ್ತಿನ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಸಮ್ಮೇಳನದ 1964ರ ದಾಖಲೆಯಲ್ಲಿದೆ. ಇಂಥ ಬಿಷಪ್ ಇಂಥ ಪ್ರೇಷಿತನ ವಾರಸುದಾರ ಎಂಬ ಲೆಕ್ಕ ಅಲ್ಲಿಲ್ಲ. ಪ್ರೇಷಿತರ ಮುಖಂಡ ಪೇತ್ರನ ಸ್ಥಾನದಲ್ಲಿ ಪೋಪ್, ಪ್ರೇಷಿತರ ಬಳಗದ ಸ್ಥಾನದಲ್ಲಿ ಬಿಷಪರ ಬಳಗ. ಬಿಷಪ್ ದೀಕ್ಷೆ ಪೂರ್ಣ ಸಂಸ್ಕಾರವೇ ಎಂಬ ಮಧ್ಯಯುಗದ ತಕರಾರಿಗೂ ಅಲ್ಲೇ ಹೌದೆಂಬ ಉತ್ತರ ಸಿಕ್ಕಿತು.

ಬಳಗ ಬಿಟ್ಟು ಕೈಯಿಟ್ಟರೆ? 1988ರ ಜೂನ್ 30ರಂದು ಸ್ವಿಟ್ಜರ್ಲೆಂಡಿನ ಎಕೋನ್‌ನಲ್ಲಿ ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ್ ಪೋಪರ ಅಪ್ಪಣೆಯಿಲ್ಲದೆ ನಾಲ್ವರಿಗೆ ದೀಕ್ಷೆ ಕೊಟ್ಟರು. ಬಹಿಷ್ಕಾರ ಬಿತ್ತು. ಆ ನಾಲ್ವರ ಮೇಲಿನ ಬಹಿಷ್ಕಾರ 2009ರಲ್ಲಿ ತೆರವಾಯಿತು. ಮತ್ತೆ ದೀಕ್ಷೆ ಕೊಡುವ ಪ್ರಶ್ನೆ ಮಾತ್ರ ಏಳಲಿಲ್ಲ: ರೋಮ್ ಅವರನ್ನು ಅಕ್ರಮವಾಗಿ ಬಿಷಪರಾದವರು ಎಂದಿತೇ ಹೊರತು ಬಿಷಪರೇ ಅಲ್ಲ ಎಂದಿರಲಿಲ್ಲ.