ವಿದೇಶದಲ್ಲಿ ಮಕ್ಕಳಿಗೆ ಎಷ್ಟು ಥೀಮ್ ಪಾರ್ಕ್ ಬೇಕು?

ಪ್ರಶ್ನೆ: ನಾಲ್ಕು ಮತ್ತು ಎಂಟು ವರ್ಷದ ಮಕ್ಕಳೊಂದಿಗೆ ಮೊದಲ ಬಾರಿಗೆ ವಿದೇಶಕ್ಕೆ ಹೊರಟಿದ್ದೇವೆ. ಅವರಿಗೆ ಬೇಸರವಾಗದಂತೆ ಹತ್ತು ದಿನಗಳಲ್ಲಿ ಎಷ್ಟು ಥೀಮ್ ಪಾರ್ಕ್‌ಗಳನ್ನು ಸೇರಿಸಿಕೊಳ್ಳಬೇಕು?

ಉತ್ತರ: ಒಂದು ಸಾಕು, ಒಂದೂ ಇಲ್ಲದಿದ್ದರೂ ನಡೆಯುತ್ತದೆ. ಇದನ್ನು ಹಿಂದೆಯೂ ಎಷ್ಟೋ ಸಲ ಬರೆದಿದ್ದೇನೆ. ಆದರೂ ಪ್ರತಿ ರಜೆಯ ಮುನ್ನ ಅದೇ ಪ್ರಶ್ನೆ ಬರುತ್ತಿರುವುದರಿಂದ, ಅದರ ಬೇರಿನಲ್ಲಿರುವ ನಂಬಿಕೆಯನ್ನೇ ಈ ಬಾರಿ ಕಿತ್ತು ನೋಡೋಣ.

ಮಕ್ಕಳಿಗೆಂದೇ ಕಟ್ಟಿದ, ದುಬಾರಿ ಟಿಕೆಟ್ಟಿನ ಜಾಗಗಳಲ್ಲಿ ಮಾತ್ರ ಅವರಿಗೆ ಸಂತೋಷ, ಉಳಿದದ್ದೆಲ್ಲ ದೊಡ್ಡವರ ಪ್ರವಾಸ ಎಂಬುದೇ ಆ ನಂಬಿಕೆ. ದಯವಿಟ್ಟು ಮೊದಲು ಮಗುವಿನ ಎತ್ತರ ಅಳೆಯಿರಿ. ದೊಡ್ಡ ಪಾರ್ಕ್‌ಗಳ ಅನೇಕ ರೋಲರ್ ಕೋಸ್ಟರ್‌ಗಳಿಗೆ 102, 122 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಎತ್ತರ ಕಡ್ಡಾಯ. ನಾಲ್ಕು ತುಂಬಿದ ಮಗುವಿನ ಸರಾಸರಿ ಎತ್ತರವಾದರೋ ಸುಮಾರು 103 ಸೆಂ.ಮೀ., ಅಂದರೆ ಕಡಿಮೆ ಗಡಿಯನ್ನೇ ಕಷ್ಟಪಟ್ಟು ದಾಟುವಷ್ಟು. ದೊಡ್ಡ ಮಗು ಅಪ್ಪನೊಂದಿಗೆ ಸರದಿಯಲ್ಲಿ ಮುಂದೆ ಸಾಗುತ್ತಿದ್ದರೆ, ಚಿಕ್ಕದು ಅಮ್ಮನ ಕೈಹಿಡಿದು ಬೇಲಿಯ ಹೊರಗೆ ಅಳುತ್ತ ನಿಂತಿರುತ್ತದೆ. ಹತ್ತಲು ಅವಕಾಶ ಸಿಕ್ಕ ಮಗುವಿಗೂ ಕೆಲವೇ ನಿಮಿಷಗಳ ಆಟಕ್ಕಾಗಿ ಬಹಳ ಹೊತ್ತು ಕಾಯುವುದೇ ಆ ದಿನದ ಮುಖ್ಯ ಕೆಲಸವಾಗಿಬಿಡುತ್ತದೆ.

ಮಗು ಬಯಸುವುದು ತಾನೇ ಏನನ್ನಾದರೂ ಮಾಡುವ ಅವಕಾಶವನ್ನು. ಪ್ಯಾರಿಸ್‌ನ ಲಕ್ಸೆಂಬರ್ಗ್ ಉದ್ಯಾನದ ಕೊಳದಲ್ಲಿ ಆಟಿಕೆಯ ಹಾಯಿದೋಣಿಗಳು ಬಾಡಿಗೆಗೆ ಸಿಗುತ್ತವೆ. ಕೋಲಿನಿಂದ ದೋಣಿಯನ್ನು ನೀರಿಗೆ ತಳ್ಳಿ, ಗಾಳಿ ಅದನ್ನು ಒಯ್ಯುವ ದಡಕ್ಕೆ ತಾನೂ ಓಡಿಹೋಗುವ ಮಗುವಿಗೆ ಬೇರೆ ಮನರಂಜನೆಯೇ ಬೇಡ. ಹಾಂಗ್‌ಕಾಂಗ್‌ನಲ್ಲಿ 1904ರಿಂದ ಓಡುತ್ತಿರುವ ಟ್ರಾಮ್‌ಗಳಲ್ಲಿ ಮೇಲಂತಸ್ತಿನ ಮುಂದಿನ ಆಸನ ಹಿಡಿದರೆ ಇಡೀ ನಗರವೇ ಮಕ್ಕಳ ಕಣ್ಣೆದುರು ಸಾಗುತ್ತದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಪ್ರವೇಶ ಉಚಿತ. ಅಲ್ಲಿ ತೂಗುಹಾಕಿರುವ 25 ಮೀಟರಿಗೂ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ಮಗುವಿನ ಕೈಗೆ ಹಾಳೆ, ಪೆನ್ಸಿಲ್ ಕೊಟ್ಟು ಕೂರಿಸಿ, ಉಳಿದ ಕೋಣೆಗಳನ್ನು ಬಿಟ್ಟರೂ ಚಿಂತೆಯಿಲ್ಲ. ಮಕ್ಕಳಿಗೆಂದೇ ಮೀಸಲಾದ ಜಾಗ ಬೇಕೆನ್ನುವವರಿಗೆ ಸಿಂಗಪುರದ ಸಸ್ಯೋದ್ಯಾನದಲ್ಲಿರುವ ಜೇಕಬ್ ಬಾಲಸ್ ಮಕ್ಕಳ ತೋಟವಿದೆ. ಅಲ್ಲಿಯೂ ಪ್ರವೇಶ ಉಚಿತ. ಜೊತೆಯಲ್ಲಿ ಮಗುವಿಲ್ಲದ ದೊಡ್ಡವರನ್ನು ಒಳಗೆ ಬಿಡುವುದಿಲ್ಲ. ಈ ನಿಯಮವನ್ನು ಕೇಳಿಯೇ ಮಕ್ಕಳ ಮುಖ ಅರಳುವುದನ್ನು ನೋಡಬೇಕು.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ಎಲ್ಲಿಗೆ ಹೋಗುತ್ತೀರಿ ಎಂಬಷ್ಟೇ ಯಾವ ಹೊತ್ತಿಗೆ ಹೋಗುತ್ತೀರಿ ಎಂಬುದೂ ಮುಖ್ಯ. ಕಾಲವಲಯ ಬದಲಾದಾಗ ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ. ಪಶ್ಚಿಮಕ್ಕೆ ಹಾರಿದ ಮಕ್ಕಳು ನಸುಕಿನಲ್ಲೇ ಎದ್ದು ಕೂರುತ್ತಾರೆ, ಸಂಜೆಯಾಗುವ ಮೊದಲೇ ತೂಕಡಿಸುತ್ತಾರೆ. ಅವರಿಗೆ ಬೆಳಗಿನ ಉದ್ಯಾನ ಸರಿ, ಸಂಜೆಯ ಪ್ರದರ್ಶನ ತಪ್ಪು. ಪೂರ್ವಕ್ಕೆ ಹೋದವರಿಗೆ ರಾತ್ರಿ ಬೇಗ ನಿದ್ದೆ ಬಾರದು, ಬೆಳಿಗ್ಗೆ ಏಳಲಾಗದು. ಅವರ ತಿರುಗಾಟ ಮಧ್ಯಾಹ್ನದಿಂದ ಶುರುವಾಗಲಿ. ಥೀಮ್ ಪಾರ್ಕ್‌ಗೆ ಹೋಗಲೇಬೇಕೆಂದಿದ್ದರೆ ಮೊದಲ ಮೂರು ದಿನಗಳಿಗಂತೂ ಟಿಕೆಟ್ ಕೊಳ್ಳಬೇಡಿ.