ಮತ್ತೆ ಬರಬಹುದಾದ ಆರ್‌ಎಕ್ಸ್-7: ಅದರ ಆಕಾರವನ್ನು ಯಾರು ನಿರ್ಧರಿಸುತ್ತಾರೆ?

ಜಪಾನಿನ ಕಾರು ಕಂಪನಿ ಮಾಜ್ದಾ 2023ರ ಅಕ್ಟೋಬರ್‌ನಲ್ಲಿ ಟೋಕಿಯೊದ ಮೊಬಿಲಿಟಿ ಪ್ರದರ್ಶನದಲ್ಲಿ ‘ಐಕಾನಿಕ್ ಎಸ್‌ಪಿ’ ಎಂಬ ಕೆಂಪು ಕಾರೊಂದನ್ನು ತೋರಿಸಿತು. ಅದು ಮಾರಾಟದ ಕಾರಲ್ಲ, ಬರೀ ಮಾದರಿ. ಪಿಸ್ಟನ್ ಬದಲು ತಿರುಗುವ ರೋಟರ್ ಇರುವ ‘ರೋಟರಿ’ ಎಂಜಿನ್ನಿನ ತನ್ನ ಹಳೆಯ ಸ್ಪೋರ್ಟ್ಸ್ ಕಾರು ಆರ್‌ಎಕ್ಸ್-7ರ ಹೆಸರನ್ನು ಕಂಪನಿ ಅದಕ್ಕೆ ಇಟ್ಟಿರಲಿಲ್ಲ. ಆದರೂ ತಗ್ಗಿದ ಮೂತಿ, ಹಿಂದಕ್ಕೆ ಸರಿದ ಕ್ಯಾಬಿನ್, ಒಳಗೆ ಎರಡು ರೋಟರ್‌ಗಳ ಎಂಜಿನ್ ಎಂದ ಮೇಲೆ ಅದು ಯಾವ ಮನೆತನದ್ದು ಎಂಬ ಬಗ್ಗೆ ಯಾರಿಗೂ ಅನುಮಾನ ಉಳಿಯಲಿಲ್ಲ. ಉದ್ದ 4180 ಮಿ.ಮೀ., ಅಗಲ 1850, ಎತ್ತರ 1150, ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ (ವ್ಹೀಲ್‌ಬೇಸ್) 2590. ತೂಕ 1450 ಕೆ.ಜಿ., ಶಕ್ತಿ 370 ಅಶ್ವಶಕ್ತಿ. 2024ರ ಫೆಬ್ರವರಿಯಲ್ಲಿ ಕಂಪನಿ ರೋಟರಿ ಎಂಜಿನ್ನಿಗೆಂದೇ ಒಂದು ಅಭಿವೃದ್ಧಿ ತಂಡವನ್ನು ಮತ್ತೆ ಕಟ್ಟಿತು.

ಈ ಅಂಕಿಗಳಲ್ಲಿ ಕಣ್ಣಿಡಬೇಕಾದದ್ದು 1150ರ ಮೇಲೆ. 1991ರಿಂದ 2002ರವರೆಗೆ ತಯಾರಾದ ಕೊನೆಯ ಆರ್‌ಎಕ್ಸ್-7, ಅಭಿಮಾನಿಗಳು ‘ಎಫ್‌ಡಿ’ ಎಂದು ಕರೆಯುವ ಕಾರು, 1230 ಮಿ.ಮೀ. ಎತ್ತರವಿತ್ತು. ಅದರಲ್ಲಿ ಕಾರು ಓಡಿಸುವ ದೊಡ್ಡ ಬ್ಯಾಟರಿ ಇರಲಿಲ್ಲ, ಜನರೇಟರ್ ಇರಲಿಲ್ಲ, ಚಕ್ರ ತಿರುಗಿಸುವ ವಿದ್ಯುತ್ ಮೋಟರ್ ಇರಲಿಲ್ಲ. ಹೊಸ ಕಾರು ಇವೆಲ್ಲವನ್ನೂ ಹೊತ್ತುಕೊಂಡು 80 ಮಿ.ಮೀ. ಗಿಡ್ಡವಾಗಬೇಕು. ಸ್ಪೋರ್ಟ್ಸ್ ಕಾರಿನ ಅಂದವನ್ನು ವಿನ್ಯಾಸಕಾರನ ಪೆನ್ಸಿಲ್ ತೀರ್ಮಾನಿಸುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಎಂಜಿನ್ನಿನ ನೆತ್ತಿ ಎಲ್ಲಿ, ಚಾಲಕನ ಸೊಂಟ ಎಲ್ಲಿ, ಹೆಡ್‌ಲೈಟಿನ ಕೆಳ ಅಂಚು ಎಲ್ಲಿ ಎಂಬ ಮೂರು ಬಿಂದುಗಳು ನಿಂತ ಮೇಲಷ್ಟೇ ಪೆನ್ಸಿಲ್ಲಿನ ಕೆಲಸ ಶುರು.

ಮೊದಲು ಎಂಜಿನ್. 1978ರ ಮೊದಲ ಆರ್‌ಎಕ್ಸ್-7 ಅನ್ನು ವಿನ್ಯಾಸ ಮಾಡಿದವರು ಮಾತಾಸಾಬುರೊ ಮಾಯೆದಾ. ಅವರ ಮಗ ಇಕುವೊ ಮಾಯೆದಾ ಮುಂದೆ, ಆರ್‌ಎಕ್ಸ್-7ರ ನಂತರ ಬಂದ ರೋಟರಿ ಕಾರು ಆರ್‌ಎಕ್ಸ್-8ರ ವಿನ್ಯಾಸದ ಹೊಣೆ ಹೊತ್ತರು. 2015ರಲ್ಲಿ ಬಂದ ‘ಆರ್‌ಎಕ್ಸ್-ವಿಷನ್’ ಮಾದರಿಯೂ ಅವರ ನೇತೃತ್ವದ್ದೇ. ತಂದೆಗೆ ಆ ಬಾಣದಂಥ ಮೂತಿ ಸಾಧ್ಯವಾದದ್ದು ಎಂಜಿನ್ ಚಿಕ್ಕದಿದ್ದುದರಿಂದ. ಅದನ್ನು ಮುಂದಿನ ಆಕ್ಸಲ್‌ನ ಹಿಂದೆ, ಡ್ಯಾಶ್‌ಬೋರ್ಡಿನ ಕಡೆಗೆ ತಳ್ಳಿ ಕೂರಿಸಬಹುದಿತ್ತು. ಆರ್‌ಎಕ್ಸ್-ವಿಷನ್ ನೋಡಲು ಬಹಳ ಸುಂದರ. ಆದರೆ 4389 ಮಿ.ಮೀ. ಉದ್ದದ ಆ ಕಾರಿನ ನೀಳ ಬಾನೆಟ್ ರೋಟರಿ ಎಂಜಿನ್ನಿಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು. ಆರು ಸಿಲಿಂಡರ್‌ಗಳನ್ನು ಸಾಲಾಗಿ ಜೋಡಿಸಿದ ಎಂಜಿನ್ನಿಗೆ ಅದು ಒಪ್ಪುತ್ತದೆ. ಹೊಸ ಆರ್‌ಎಕ್ಸ್-7 ಅದನ್ನು ಅನುಸರಿಸದಿರುವುದೇ ಒಳ್ಳೆಯದು. 4180ರ ಗಿಡ್ಡ ದೇಹವೇ ಈ ಎಂಜಿನ್ನಿನ ನಿಜವಾದ ರೂಪ.

ರೋಟರಿ ಎಂಜಿನ್ ಯಾಕೆ ಚಿಕ್ಕದು ಎಂಬುದನ್ನು ಅಳತೆಯಲ್ಲೇ ನೋಡಬಹುದು. ಇದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ, ತೆರೆದು ಮುಚ್ಚುವ ವಾಲ್ವ್ ಇಲ್ಲ. ಬದಿಗಳು ಉಬ್ಬಿದ ತ್ರಿಕೋನಾಕಾರದ ರೋಟರ್ ಒಂದು, ಸೊಂಟ ಸಣ್ಣಗಿರುವ ಕಡಲೆಕಾಯಿಯಂಥ ಡಬ್ಬಿಯೊಳಗೆ ತಿರುಗುತ್ತದೆ. ಆ ಡಬ್ಬಿಯ ಹೆಸರು ಹೌಸಿಂಗ್. ರೋಟರಿನ ಮೂರು ಬದಿಗಳಿಗೂ ಹೌಸಿಂಗಿನ ಗೋಡೆಗೂ ನಡುವೆ ಮೂರು ಕೋಣೆಗಳಾಗುತ್ತವೆ. ರೋಟರ್ ನಡುವಿನಿಂದ ತುದಿಗಿರುವ ದೂರ, ಶಾಫ್ಟಿನ ನಡುವಿನಿಂದ ರೋಟರ್ ಸರಿದಿರುವ ದೂರ, ರೋಟರಿನ ಅಗಲ: ಈ ಮೂರನ್ನು ಗುಣಿಸಿ, ಮತ್ತೆ 5.196ರಿಂದ ಗುಣಿಸಿದರೆ ಒಂದು ಕೋಣೆಯ ಗಾತ್ರ ಸಿಗುತ್ತದೆ. ಎಫ್‌ಡಿಯ 13ಬಿ ಎಂಜಿನ್ನಿನಲ್ಲಿ ಅವು 105, 15, 80 ಮಿ.ಮೀ.; ಗುಣಿಸಿದರೆ 654 ಸಿಸಿ. ಎರಡು ರೋಟರಿಗೆ 1308 ಸಿಸಿ. ಹೌಸಿಂಗಿನ ಒಳ ಅಳತೆ ಉದ್ದಕ್ಕೆ 240, ಸೊಂಟದಲ್ಲಿ 180 ಮಿ.ಮೀ. ಮಾತ್ರ. ಇಷ್ಟು ಪುಟ್ಟ ಡಬ್ಬಿ ಎರಡು ಟರ್ಬೊಗಳ ನೆರವಿನಿಂದ ಕೊನೆಯ ವರ್ಷಗಳಲ್ಲಿ 280 ಅಶ್ವಶಕ್ತಿ ಕೊಡುತ್ತಿತ್ತು.

2023ರಲ್ಲಿ ಎಂಎಕ್ಸ್-30 ಆರ್-ಇವಿ ಎಂಬ, ಎಂಜಿನ್ನಿನಿಂದ ವಿದ್ಯುತ್ ಮಾಡಿಕೊಳ್ಳುವ ಕಾರಿನೊಂದಿಗೆ ಬಂದ ಹೊಸ 8ಸಿ ಎಂಜಿನ್ನಿಗೆ ಒಂದೇ ರೋಟರ್. ತುದಿಗಿರುವ ದೂರ 120 ಮಿ.ಮೀ., ಅಗಲ 76, ಗಾತ್ರ 830 ಸಿಸಿ. ಅಂದರೆ ರೋಟರ್ ದೊಡ್ಡದಾಯಿತು, ಆದರೆ ತೆಳುವಾಯಿತು. ಹಳೆಯ ಎಂಜಿನ್ನಿನ ದೊಡ್ಡ ದೌರ್ಬಲ್ಯವೇ ಅದರ ಉರಿಯುವ ಕೋಣೆಯ ಆಕಾರವಾಗಿತ್ತು. ಅದು ಉದ್ದ, ಚಪ್ಪಟೆ; ಗಾತ್ರಕ್ಕೆ ಹೋಲಿಸಿದರೆ ಗೋಡೆಯೇ ಜಾಸ್ತಿ. ಬೆಂಕಿಯ ಶಾಖ ತಣ್ಣನೆಯ ಗೋಡೆಗೆ ಸೋರಿಹೋಗುತ್ತದೆ, ಮೂಲೆಯ ಪೆಟ್ರೋಲ್ ಉರಿಯದೆ ಉಳಿದು ಹೊಗೆಯೊಂದಿಗೆ ಹೊರಬೀಳುತ್ತದೆ. ಇದನ್ನು ತಗ್ಗಿಸಲೆಂದೇ ಹೊಸ ಎಂಜಿನ್ನಿನ ಅಳತೆಗಳು ಬದಲಾದವು. ಇಂಧನವನ್ನು ನೇರವಾಗಿ ಕೋಣೆಯೊಳಗೇ ಸಿಂಪಡಿಸುವ ವ್ಯವಸ್ಥೆ ಬಂತು. ಬದಿಯ ಹೌಸಿಂಗ್‌ಗಳು ಅಲ್ಯೂಮಿನಿಯಂ ಆಗಿ 15 ಕೆ.ಜಿ.ಗೂ ಹೆಚ್ಚು ತೂಕ ಇಳಿಯಿತು.

ಇಂಥ ಎರಡು ರೋಟರ್‌ಗಳನ್ನು ಜೋಡಿಸಿ ನಿಮಿಷಕ್ಕೆ 9000 ಸುತ್ತು ಓಡಿಸಿಬಿಡಬಾರದೇಕೆ? ಅಭಿಮಾನಿಗಳು ಕೇಳುವುದು ಇದನ್ನೇ. ಅಡ್ಡ ಬರುವುದು ರೋಟರಿನ ಮೂರು ತುದಿಗಳಲ್ಲಿ ಕೂತ ಅಪೆಕ್ಸ್ ಸೀಲ್ ಎಂಬ ಪಟ್ಟಿ. 13ಬಿಯಲ್ಲಿ ಅದರ ದಪ್ಪ 2 ಮಿ.ಮೀ., ಹೊಸ ಎಂಜಿನ್ನಿನಲ್ಲಿ 2.5. ಮೂರು ಕೋಣೆಗಳ ಅನಿಲ ಒಂದರೊಳಗೊಂದು ನುಗ್ಗದಂತೆ ತಡೆಯುವುದು ಇದರ ಕೆಲಸ. 13ಬಿ 9000 ಸುತ್ತಿನಲ್ಲಿ ಓಡುವಾಗ ಈ ಪಟ್ಟಿ ಗೋಡೆಯನ್ನು ಉಜ್ಜುವ ಗರಿಷ್ಠ ವೇಗ ಸೆಕೆಂಡಿಗೆ 47 ಮೀಟರ್. 8ಸಿಯ ದೊಡ್ಡ ರೋಟರನ್ನು ಅದೇ ಸುತ್ತಿಗೆ ಏರಿಸಿದರೆ 54 ಮೀಟರ್. 4500 ಸುತ್ತಿನಲ್ಲಿ ನಿಲ್ಲಿಸಿಕೊಂಡರೆ 27.

ವೇಗಕ್ಕಿಂತ ಕಷ್ಟದ್ದು ಬಲದ ದಿಕ್ಕು. ಹೌಸಿಂಗಿನ ಉದ್ದದ ತುದಿಯಲ್ಲಿ ಸೀಲ್ ಹಾದುಹೋಗುವಾಗ ಅದು ಹೊರಕ್ಕೆ, ಗೋಡೆಗೆ ಒತ್ತಿಕೊಳ್ಳುತ್ತದೆ. 13ಬಿಯಲ್ಲಿ 9000 ಸುತ್ತಿಗೆ ಆ ಒತ್ತಡ ಸೀಲಿನ ತೂಕದ ಸುಮಾರು 2400 ಪಟ್ಟು. ಆದರೆ ಸೊಂಟದ ಬಳಿ ಬಂದಾಗ ದಿಕ್ಕು ತಿರುಗುತ್ತದೆ. ಅಲ್ಲಿ ಸೀಲ್ ತನ್ನ ತೂಕದ 300 ಪಟ್ಟು ಬಲದಿಂದ ಒಳಕ್ಕೆ, ಗೋಡೆ ಬಿಟ್ಟು ಜಾರಲು ನೋಡುತ್ತದೆ. ಆಗ ಅದನ್ನು ಹಿಡಿದಿಡುವುದು ಹಿಂದಿನ ಸಣ್ಣ ಸ್ಪ್ರಿಂಗ್ ಮತ್ತು ಅನಿಲದ ಒತ್ತಡ ಮಾತ್ರ. ಒಮ್ಮೆ ಅಂಟಿ ಒಮ್ಮೆ ಬಿಡುವ ಸೀಲ್ ಗೋಡೆಯ ಮೇಲೆ ಅಡ್ಡಗೀರುಗಳನ್ನು ಕೆತ್ತುತ್ತದೆ. 1960ರ ದಶಕದಲ್ಲಿ ಮಾಜ್ದಾದ ಎಂಜಿನಿಯರ್ ಕೆನಿಚಿ ಯಾಮಾಮೊಟೊ ಅವರ ತಂಡ ಹಿರೋಷಿಮಾದಲ್ಲಿ ‘ದೆವ್ವದ ಉಗುರಿನ ಗೀರು’ ಎಂದು ಕರೆದದ್ದು ಇದನ್ನೇ. ಅಲ್ಯೂಮಿನಿಯಂ ಬೆರೆಸಿದ ಇಂಗಾಲದ ಸೀಲ್ ಮಾಡಿ ಅದನ್ನು ಗೆದ್ದ ಮೇಲೆಯೇ 1967ರಲ್ಲಿ ಮಾಜ್ದಾದ ಮೊದಲ ರೋಟರಿ ಕಾರು ಕಾಸ್ಮೊ ಸ್ಪೋರ್ಟ್ ಮಾರಾಟಕ್ಕೆ ಬಂದದ್ದು. ರೋಟರ್ ದೊಡ್ಡದಾದಂತೆ ಈ ಒಳಸೆಳೆತವೂ ಬೆಳೆಯುತ್ತದೆ. ಹಾಗಾಗಿ ಹೊಸ ಕಾರಿನ ಎಂಜಿನ್ 6000–7000 ಸುತ್ತಿನೊಳಗೇ ಇರಬೇಕು ಎಂಬುದು ನನ್ನ ಅಂದಾಜು. 9000 ಬೇಕೆಂದರೆ ಚಿಕ್ಕ ರೋಟರಿಗೆ ಮರಳಬೇಕು. ಮರಳಿದರೆ ಹೊಗೆಯ ನಿಯಮ ಬಾಗಿಲಲ್ಲೇ ತಡೆಯುತ್ತದೆ. ಯುರೋಪಿನ ಹೊಗೆ ನಿಯಮ ಬಿಗಿಯಾದಾಗ ಆರ್‌ಎಕ್ಸ್-8 ಅಲ್ಲಿ 2010ರಲ್ಲಿ ನಿಂತಿತು, ಉತ್ಪಾದನೆಯೇ 2012ರಲ್ಲಿ ಮುಗಿಯಿತು.

ಐಕಾನಿಕ್ ಎಸ್‌ಪಿಯ ಎಂಜಿನ್ ಜನರೇಟರ್ ತಿರುಗಿಸಲು ಇದೆ, ಚಕ್ರ ತಿರುಗಿಸುವುದು ಮೋಟರ್. ಇದು ಸಾಕಾಗುತ್ತದೆಯೇ? ಲೆಕ್ಕ ಹಾಕೋಣ. 370 ಅಶ್ವಶಕ್ತಿ ಎಂದರೆ 272 ಕಿಲೋವ್ಯಾಟ್. ಯುರೋಪಿನ ಎಂಎಕ್ಸ್-30ರ ಒಂದು ರೋಟರ್ 55 ಕಿಲೋವ್ಯಾಟ್ ಕೊಡುತ್ತದೆ. ಅದೇ ಹದದಲ್ಲಿ ಎರಡಕ್ಕೆ 110. ಉಳಿದ 160 ಚಿಲ್ಲರೆ ಬ್ಯಾಟರಿಯಿಂದ ಬರಬೇಕು. 1450 ಕೆ.ಜಿ. ತೂಕದ, ಗಾಳಿ ಸೀಳುವ ಗುಣಾಂಕ 0.30 ಇರುವ, ಮುಂಬದಿಯ ವಿಸ್ತೀರ್ಣ 1.9 ಚದರ ಮೀಟರಿನ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಾಗಲು ಸುಮಾರು 12 ಕಿಲೋವ್ಯಾಟ್ ಸಾಕು. 200 ಕಿ.ಮೀ. ವೇಗಕ್ಕೆ ಬೇಕಾದದ್ದು 68. ಆದ್ದರಿಂದ ಸಮತಟ್ಟಾದ ರಸ್ತೆಯಲ್ಲಿ 200ರ ವೇಗವನ್ನೂ ಎಂಜಿನ್ ಒಂದೇ ಉಳಿಸಿಕೊಳ್ಳಬಲ್ಲದು. ಬ್ಯಾಟರಿ ಬೇಕಾಗುವುದು ತಿರುವಿನಿಂದ ಹೊರಬಿದ್ದು ಚಿಮ್ಮುವ ಕೆಲವು ಸೆಕೆಂಡುಗಳಿಗೆ. ರೇಸ್ ಟ್ರ್ಯಾಕಿನಲ್ಲಿ ಮಾತ್ರ ಕಷ್ಟ. 15 ಕಿಲೋವ್ಯಾಟ್-ಅವರ್ ಬ್ಯಾಟರಿಯಿಂದ ಸತತವಾಗಿ 100 ಕಿಲೋವ್ಯಾಟ್ ಎಳೆದರೆ ಒಂಬತ್ತು ನಿಮಿಷಕ್ಕೆ ಖಾಲಿ. ಟರ್ಬೊ ಕೂಡಿಸಿದರೆ ಈ ಕೊರತೆ ತುಂಬಬಹುದು. 2025ರಲ್ಲಿ ಮಾಜ್ದಾ ತೋರಿಸಿದ ‘ವಿಷನ್ ಎಕ್ಸ್-ಕೂಪೆ’ ಮಾದರಿಯಲ್ಲಿ ಎರಡು ರೋಟರಿಗೆ ಟರ್ಬೊ ಸೇರಿಸಿ, ಒಟ್ಟು ವ್ಯವಸ್ಥೆಯಿಂದ 510 ಅಶ್ವಶಕ್ತಿ ಎಂದು ಹೇಳಿದ್ದು ಇದೇ ದಾರಿ.

ಈಗ ಚಾಲಕನ ಸೊಂಟ. ನೆಲದಿಂದ ಕಾರಿನ ತಳಕ್ಕೆ 120 ಮಿ.ಮೀ., ತಳದ ತಗಡು ಮತ್ತು ಹಾಸು 30, ಅಲ್ಲಿಂದ ಸೊಂಟದ ಕೀಲಿಗೆ 110, ಬೆನ್ನು ಹಿಂದಕ್ಕೆ ಒರಗಿಸಿ ಕೂತ ಎತ್ತರದ ಮನುಷ್ಯನ ಸೊಂಟದಿಂದ ನೆತ್ತಿಗೆ 800, ತಲೆಯ ಮೇಲೆ ಖಾಲಿ ಜಾಗ 50, ಛಾವಣಿಯ ದಪ್ಪ 40. ಕೂಡಿಸಿದರೆ ಸರಿಯಾಗಿ 1150. ಎಲ್ಲೂ ಸಡಿಲವಿಲ್ಲ. ಈಗಿನ ವಿದ್ಯುತ್ ಕಾರುಗಳಂತೆ ಸೀಟಿನ ಕೆಳಗೆ 110 ಮಿ.ಮೀ. ದಪ್ಪದ ಬ್ಯಾಟರಿ ಹಾಸಿದರೆ ಎತ್ತರ 1260 ಆಗುತ್ತದೆ. ಎಫ್‌ಡಿಗಿಂತಲೂ ಎತ್ತರ, ಆಕಾರ ಅಲ್ಲಿಗೇ ಕೆಟ್ಟಿತು. ಆದ್ದರಿಂದ ಬ್ಯಾಟರಿ ಇಬ್ಬರ ನಡುವಿನ ಸುರಂಗದಲ್ಲಿ ಮತ್ತು ಸೀಟುಗಳ ಬೆನ್ನ ಹಿಂದೆ, ಟಿ ಆಕಾರದಲ್ಲಿ ಕೂರಬೇಕು. ಹಿಂದೆ ಗೇರ್‌ಬಾಕ್ಸ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಓಡುತ್ತಿದ್ದ ಸುರಂಗ ಈಗ ಹೇಗೂ ಖಾಲಿ. ತೂಕವೂ ಕಾರಿನ ನಡುವಿಗೆ ಬರುವುದರಿಂದ ತಿರುವಿನಲ್ಲಿ ಮೂತಿ ಚುರುಕಾಗಿ ತಿರುಗುತ್ತದೆ. ಕಳೆದುಕೊಳ್ಳುವುದು ಹಿಂದಿನ ಪುಟಾಣಿ ಸೀಟುಗಳನ್ನು. ಅವುಗಳಿಗಾಗಿ ಯಾರೂ ಅಳಬೇಕಿಲ್ಲ.

ಹೆಡ್‌ಲೈಟಿನ ವಿಷಯ ಚಿಕ್ಕದು. ವಿಶ್ವಸಂಸ್ಥೆಯ ವಾಹನ ನಿಯಮದ ಪ್ರಕಾರ ಡಿಪ್ ದೀಪದ ಕೆಳ ಅಂಚು ನೆಲದಿಂದ ಕನಿಷ್ಠ 500 ಮಿ.ಮೀ. ಮೇಲಿರಬೇಕು. ಅದಕ್ಕಿಂತ ತಗ್ಗಿದ ಮೂತಿ ಬೇಕಾದಾಗ ಹಳೆಯ ಆರ್‌ಎಕ್ಸ್-7ಗಳು ದೀಪವನ್ನು ಮಡಚಿಟ್ಟು, ಬೇಕಾದಾಗ ಮೇಲೆತ್ತುತ್ತಿದ್ದವು. ಇಂದಿನ ಎಲ್‌ಇಡಿ ದೀಪಕ್ಕೆ ಬೆರಳಗಲದ ಸೀಳು ಸಾಕು. ಬಾನೆಟ್ಟಿಗೆ ಇನ್ನೊಂದು ಕಟ್ಟು ಇದೆ. ಪಾದಚಾರಿಯ ತಲೆ ಬಡಿದಾಗ ತಗಡು ತಗ್ಗಲು ಅದರ ಕೆಳಗೆ ಖಾಲಿ ಜಾಗ ಬೇಕು, ಪರೀಕ್ಷೆಯಲ್ಲಿ 3.5 ಮತ್ತು 4.5 ಕೆ.ಜಿ.ಯ ಕೃತಕ ತಲೆಗಳನ್ನು ಗಂಟೆಗೆ 35 ಕಿ.ಮೀ. ವೇಗದಲ್ಲಿ ಬಾನೆಟ್ಟಿಗೆ ಬಡಿಯುತ್ತಾರೆ. ಎತ್ತರದ ಎಂಜಿನ್ ಇರುವ ಕಾರುಗಳು ಬಾನೆಟ್ ಏರಿಸಿಯೇ ಈ ಜಾಗ ಹೊಂದಿಸಬೇಕು. ರೋಟರಿ ಇಲ್ಲಿ ಸಲೀಸಾಗಿ ಗೆಲ್ಲುತ್ತದೆ.

ಗೆಲ್ಲದಿರುವುದು ಶಾಖದ ವಿಷಯದಲ್ಲಿ. ಎಂಜಿನ್ 110 ಕಿಲೋವ್ಯಾಟ್ ಕೊಡುತ್ತಿದೆ, ದಕ್ಷತೆ ಶೇ. 30 ಎಂದುಕೊಂಡರೆ ಸುಮಾರು 250 ಕಿಲೋವ್ಯಾಟ್ ಶಾಖವಾಗಿ ಹೋಗುತ್ತದೆ. ಅರ್ಧ ಸೈಲೆನ್ಸರಿನಲ್ಲಿ ಹೊರಟುಹೋದರೂ ಉಳಿದರ್ಧವನ್ನು ರೇಡಿಯೇಟರ್ ಮತ್ತು ಆಯಿಲ್ ಕೂಲರ್ ಹೊರಹಾಕಬೇಕು. ಪಿಸ್ಟನ್ ಎಂಜಿನ್ನಿಗಿಂತ ಇಲ್ಲಿ ಆಯಿಲ್ಲಿನ ಪಾಲು ದೊಡ್ಡದು, ಏಕೆಂದರೆ ರೋಟರನ್ನು ಒಳಗಿನಿಂದ ತಣಿಸುವುದು ಆಯಿಲ್ಲೇ. ಜತೆಗೆ ಹೌಸಿಂಗಿನ ಒಂದು ಬದಿ ಸದಾ ಬೆಂಕಿ ಕಾಣುತ್ತದೆ, ಇನ್ನೊಂದು ಬದಿ ಸದಾ ತಣ್ಣನೆಯ ಗಾಳಿ. ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಒಮ್ಮೆ ಅತಿಯಾಗಿ ಕಾದರೆ ಹೌಸಿಂಗ್‌ಗಳ ನಡುವಿನ ರಬ್ಬರ್ ನೀರು-ಸೀಲ್ ಚಪ್ಪಟೆಯಾಗುತ್ತದೆ. ಕೂಲಂಟ್ ಒಳಗೆ ಸೋರಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರುತ್ತದೆ. ಎಫ್‌ಡಿಗಳನ್ನು ಗ್ಯಾರೇಜಿಗೆ ತಂದ ಕಾಯಿಲೆಗಳಲ್ಲಿ ಇದು ಮುಖ್ಯವಾದದ್ದು. ಹೊಸ ಕಾರಿನಲ್ಲಿ ಬ್ಯಾಟರಿಗೆ 40 ಡಿಗ್ರಿಯ ಆಸುಪಾಸಿನ ತಂಪಿನ ಪ್ರತ್ಯೇಕ ಸುತ್ತು ಬೇರೆ ಬೇಕು. ತಗ್ಗಿದ ಮೂತಿಯಲ್ಲಿ ಇಷ್ಟಕ್ಕೆಲ್ಲ ನೇರ ಜಾಗವಿಲ್ಲ. ರೇಡಿಯೇಟರನ್ನು ಓರೆಯಾಗಿಟ್ಟು, ಬಿಸಿಗಾಳಿಯನ್ನು ಬಾನೆಟ್ಟಿನ ಮೇಲಿನ ಕಂಡಿಯಿಂದ ಹೊರಬಿಡುವುದೇ ದಾರಿ. ಮೂತಿ ಗಾಳಿಗೆ ಏಳುವುದೂ ಇದರಿಂದ ತಗ್ಗುತ್ತದೆ. ಆದ್ದರಿಂದ ಮಾದರಿಯಲ್ಲಿ ನೋಡಿದ ನುಣುಪು ಬಾನೆಟ್ ಮಾರಾಟದ ಕಾರಿನಲ್ಲಿ ಹಾಗೇ ಉಳಿಯುತ್ತದೆಂದು ನಾನು ನಂಬುವುದಿಲ್ಲ. ಅಲ್ಲೊಂದು ಕಂಡಿ ಬಂದೇ ಬರಬೇಕು.

ಜಲಜನಕ ಬಳಸುವ ಮಾತೂ ಇದೆ. ರೋಟರಿಗೆ ಅದು ಒಗ್ಗುತ್ತದೆ: ಗಾಳಿ ಎಳೆಯುವ ಜಾಗವೇ ಬೇರೆ, ಉರಿಯುವ ಜಾಗವೇ ಬೇರೆ, ಹಾಗಾಗಿ ಜಲಜನಕ ಹೊತ್ತಿಗೆ ಮುಂಚೆ ಉರಿದು ಹಿಂದಕ್ಕೆ ಸಿಡಿಯುವ ಭಯ ಕಡಿಮೆ. 2006ರಿಂದ ಬಾಡಿಗೆಗೆ ಕೊಟ್ಟ ಜಲಜನಕದ ಆರ್‌ಎಕ್ಸ್-8 ಓಡಿತು ಕೂಡ. ಆದರೆ 210 ಅಶ್ವಶಕ್ತಿ 109ಕ್ಕೆ ಇಳಿದಿತ್ತು, ಒಮ್ಮೆ ತುಂಬಿಸಿದರೆ ಸುಮಾರು 100 ಕಿ.ಮೀ. ಮಾತ್ರ. ಟ್ಯಾಂಕಿಗೆ ಬೇಕಾದ ಜಾಗ ಎರಡು ಸೀಟಿನ ಕಾರಿನಲ್ಲಿ ಇಲ್ಲ. ಇಂಗಾಲ ಹೆಚ್ಚಿಸದ ದ್ರವ ಇಂಧನವೇ ಇದಕ್ಕೆ ಸರಿ.

ಸದ್ದಿನ ಬಗ್ಗೆ ಆತಂಕ ನ್ಯಾಯವಾದದ್ದು. ಜನರೇಟರ್ ಎಂಜಿನ್ ಒಂದೇ ಸುತ್ತಿನಲ್ಲಿ ಗುಂಯ್ಗುಡುತ್ತಿದ್ದರೆ ವೇಗಕ್ಕೂ ಸದ್ದಿಗೂ ಸಂಬಂಧ ಕಡಿಯುತ್ತದೆ, ಸ್ಪೋರ್ಟ್ಸ್ ಕಾರಿಗೆ ಅದು ಸಣ್ಣ ನಷ್ಟವಲ್ಲ. ಪೆಡಲ್ ಮತ್ತು ವೇಗ ಏರಿದಂತೆ ಎಂಜಿನ್ ಸುತ್ತೂ ಮೆಟ್ಟಿಲು ಮೆಟ್ಟಿಲಾಗಿ ಏರುವಂತೆ ನಿಯಂತ್ರಿಸಬಹುದು. ದಕ್ಷತೆ ಸ್ವಲ್ಪ ಹೋಗುತ್ತದೆ. ಹೋಗಲಿ.

ಜನರೇಟರಿನಿಂದ ಇನ್ನೊಂದು ಲಾಭವಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಆರ್‌ಎಕ್ಸ್-8 ಅನ್ನು ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಎರಡು ಮಾರು ಸರಿಸಿ ನಿಲ್ಲಿಸಿದರೆ ಪೆಟ್ರೋಲ್ ಸೀಲುಗಳ ಆಯಿಲ್ ತೊಳೆದು, ಪ್ಲಗ್ ನೆನೆದು, ಮತ್ತೆ ಸ್ಟಾರ್ಟ್ ಆಗದೆ ಸತಾಯಿಸುತ್ತಿತ್ತು. ದೊಡ್ಡ ಜನರೇಟರ್ ಇಂಧನ ಬಿಡದೆಯೇ ಎಂಜಿನ್ನನ್ನು ಜೋರಾಗಿ ತಿರುಗಿಸಿ ಒಣಗಿಸಬಲ್ಲದು. ಕೋಣೆಯೊಳಗಿನ ಗಾಳಿ ಎಷ್ಟು ಗಟ್ಟಿಯಾಗಿ ಒತ್ತಲ್ಪಡುತ್ತದೆ ಎಂದು ಅಳೆಯುವ ಕಂಪ್ರೆಶನ್ ಪರೀಕ್ಷೆಯೂ ಹಾಗೆಯೇ. ಸಾಮಾನ್ಯ ಗೇಜ್ ಮೂರು ಕೋಣೆಗಳಲ್ಲಿ ಗಟ್ಟಿಯಾದ ಒಂದನ್ನಷ್ಟೇ ತೋರಿಸಿ ಮುರಿದ ಸೀಲನ್ನು ಮರೆಮಾಚುತ್ತದೆ. ರೋಟರಿಗೆಂದೇ ಇರುವ ಪರೀಕ್ಷಾ ಯಂತ್ರ ಮೂರನ್ನೂ ಬೇರೆ ಬೇರೆಯಾಗಿ ಓದುತ್ತದೆ. ಆರ್‌ಎಕ್ಸ್-8ರಲ್ಲಿ 250 ಸುತ್ತಿಗೆ 830 ಕಿಲೋಪಾಸ್ಕಲ್ ಆರೋಗ್ಯದ ಗುರುತು, 680ಕ್ಕಿಂತ ಇಳಿದರೆ ಎಂಜಿನ್ ಬಿಚ್ಚಬೇಕು. ಒಂದೇ ರೋಟರಿನ ಕೋಣೆಗಳ ನಡುವೆ 150ಕ್ಕಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಸೆಲ್ಫ್ ಮೋಟರ್ ದುರ್ಬಲವಾಗಿ 200 ಸುತ್ತು ತಿರುಗಿಸಿದರೂ ಅಂಕಿ ತಪ್ಪಾಗುತ್ತದೆ. ಜನರೇಟರ್ ಕರಾರುವಾಕ್ಕಾಗಿ 250ರಲ್ಲೇ ತಿರುಗಿಸಬಲ್ಲದು. ಪ್ರತಿ ಹೌಸಿಂಗಿಗೆ ಒಂದು ಒತ್ತಡ ಸಂವೇದಕ ಇಟ್ಟರೆ ಕಾರು ತಿಂಗಳಿಗೊಮ್ಮೆ ತಾನೇ ಪರೀಕ್ಷೆ ಮಾಡಿಕೊಂಡು ಆರು ಕೋಣೆಗಳ ಅಂಕಿಗಳನ್ನು ಡ್ಯಾಶ್‌ಬೋರ್ಡಿನಲ್ಲಿ ತೋರಿಸಬಹುದು. ಹಳೆಯ ರೋಟರಿ ಕಾರು ಕೊಳ್ಳುವವರು ಮೊದಲು ಕೇಳುವುದು ಈ ಆರು ಅಂಕಿಗಳನ್ನೇ.